ಅಗೆದು ನೋಡಿದರೆ ಬೀಜ ಮೊಳೆಯುವುದೇ?



ನಿನ್ನೆ ರಾತ್ರಿ ನೀವು ಊಟಕ್ಕೆ ಕುಳಿತಾಗ ನಿಮ್ಮ ಕಚೇರಿಯೂ ತಟ್ಟೆಯ ಪಕ್ಕದಲ್ಲಿಯೇ ಕುಳಿತಿತ್ತಲ್ಲವೇ? ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೇಲಧಿಕಾರಿಯ ಒಂದು ಸಂದೇಶ. ಅದರ ಬೆನ್ನಿಗೇ ಮೂವತ್ತು ಮಂದಿಯ 'ಆಗಲಿ ಸರ್'. ಉತ್ತರಿಸದವರ ನಿಷ್ಠೆಯ ಮೇಲೆ ಅನುಮಾನ. ಇದಕ್ಕೆ ಸಹಕಾರವೆಂಬ ಹೆಸರು. ನಾನಾದರೋ ಇದನ್ನು ಹಾಜರಿ ಪುಸ್ತಕವೆನ್ನುತ್ತೇನೆ. ಮೊದಲು ದಿನಕ್ಕೊಮ್ಮೆ ಸಹಿ ಹಾಕುತ್ತಿದ್ದೆವು. ಈಗ ಗಳಿಗೆಗೊಮ್ಮೆ ಹಾಕುತ್ತೇವೆ.

'ಇದರಿಂದ ಕೆಲಸ ಚುರುಕಾಗುತ್ತದೆ' ಎಂಬುದು ಆಡಳಿತಗಾರರ ವಾದ. ಅದು ಪೂರ್ಣ ಸುಳ್ಳಲ್ಲ. ಅಮೆರಿಕದ ಸಂಶೋಧಕಿ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡುನಡುವೆ ಅಡ್ಡಿಗೊಳಗಾದವರು ಕೆಲಸವನ್ನು ಬೇಗನೆ ಮುಗಿಸಿದ್ದರು. ಆದರೆ ಅದಕ್ಕೆ ತೆತ್ತ ಬೆಲೆ ಹೆಚ್ಚಿನ ಒತ್ತಡ ಮತ್ತು ಹತಾಶೆ. ಅವರಿಗೆ ಕೊಟ್ಟಿದ್ದಾದರೂ ಮಿಂಚಂಚೆಗಳಿಗೆ ಉತ್ತರಿಸುವ ಕೆಲಸ. ಉತ್ತರಿಸುವುದು ಬೇರೆ, ಹೊಸದನ್ನು ಕಾಣುವುದು ಬೇರೆ.

ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆ ತನ್ನ ಅನುಭವವನ್ನು 1908ರ ಗ್ರಂಥವೊಂದರಲ್ಲಿ ಹೇಳಿಕೊಂಡಿದ್ದಾನೆ. ದಿನಗಟ್ಟಲೆ ಹೆಣಗಿದ ಮೇಲೆ ಆತ ಪ್ರವಾಸ ಹೊರಟು ಗಣಿತವನ್ನೇ ಮರೆತಿದ್ದ. ಆಗ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿಯೇ ಹೊಸ ವಿಚಾರ ಹೊಳೆಯಿತಂತೆ. ಇಂದು ಬಸ್ಸಿನ ಮೆಟ್ಟಿಲೇರುವಾಗ ನಮ್ಮ ಕೈ ಎಲ್ಲಿರುತ್ತದೆ? ಹೊಳಹು ಬರುವ ಬಾಗಿಲನ್ನು ನಾವೇ ಮುಚ್ಚಿದ್ದೇವೆ. ದಿನವಿಡೀ ಗುಂಪಿನಿಂದ ಗುಂಪಿಗೆ ಅಲೆದು ದಣಿದ ಮನಸ್ಸಿನಿಂದ, ನೌಕರರು 'ಹೊಸತನ' ತೋರಬೇಕೆಂದು ಅದೇ ಸಂಸ್ಥೆಗಳು ಸಭೆ ಕರೆದು ಕೇಳುವುದು ವಿಪರ್ಯಾಸವಲ್ಲವೇ?

ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ, ಕೆಲಸದ ಅವಧಿಯ ಬಳಿಕ ಸಂಪರ್ಕದಿಂದ ದೂರವಿರುವ ಹಕ್ಕನ್ನು ಕಾನೂನಿನ ಮೂಲಕ ಜಾರಿಗೆ ತಂದವು. ನಮ್ಮ ಲೋಕಸಭೆಯಲ್ಲಿ 2018ರಲ್ಲಿ ಸುಪ್ರಿಯಾ ಸುಳೆಯವರು ಮಂಡಿಸಿದ ಇಂಥದೇ ಖಾಸಗಿ ಮಸೂದೆ ಕಾಯ್ದೆಯಾಗಲಿಲ್ಲ.

ಕಾಯ್ದೆ ಬರುವ ತನಕ ಕೈಕಟ್ಟಿ ಕುಳಿತಿರಬೇಕೇ? ನೀವು ಅಧಿಕಾರಿಯಾಗಿದ್ದರೆ, ರಾತ್ರಿ ಹೊಳೆದ ಮಾತನ್ನು ಕಾಗದದಲ್ಲಿ ಬರೆದಿಟ್ಟು ಬೆಳಿಗ್ಗೆ ಹೇಳಿ. ನೌಕರರಾಗಿದ್ದರೆ, ಅನಗತ್ಯವಾದ ಆ ಮೂವತ್ತೊಂದನೆಯ 'ಆಗಲಿ ಸರ್' ನಿಮ್ಮದಾಗದಿರಲಿ. ಮನೆಯವರಾಗಿದ್ದರೆ, ಊಟದ ಹೊತ್ತಿಗೆ ಫೋನನ್ನು ಬೇರೆ ಕೋಣೆಯಲ್ಲಿಡಿರೆಂದು ಧೈರ್ಯವಾಗಿ ಕೇಳಿ.

ಬಿತ್ತಿದ ಬೀಜವನ್ನು ಗಳಿಗೆಗೊಮ್ಮೆ ಅಗೆದು ನೋಡುವ ರೈತನಿಲ್ಲ. ಮನುಷ್ಯನ ಮನಸ್ಸನ್ನು ಮಾತ್ರ ನಾವು ಹಾಗೆ ಅಗೆಯುತ್ತಿದ್ದೇವೆ. ಪೈರು ಬರಲಿಲ್ಲವೆಂದು ನೆಲವನ್ನು ದೂರುತ್ತಿದ್ದೇವೆ.