ಮಣ್ಣೂ ಪ್ರತಿಭೆಯೂ

ಪ್ರತಿಭೆಯೆಂಬುದು ಹುಟ್ಟಿನೊಡನೆ ಬರತಕ್ಕದ್ದು, ಅದಿಲ್ಲದವನು ಎಷ್ಟು ಹೆಣಗಿದರೂ ಫಲವಿಲ್ಲ ಎಂದು ನಾವು ಪಾಠಶಾಲೆಯಲ್ಲಿ ಅನೇಕ ವರ್ಷ ಬೋಧಿಸಿದೆವು. ಆ ಮಾತಿನ ದೋಷವನ್ನು ಈ ವಯಸ್ಸಿನಲ್ಲಿ ನಮಗೆ ತೋರಿಸಿಕೊಟ್ಟವರು ಜಪಾನು ದೇಶದ ಒಬ್ಬ ಕುಂಭಕಾರರು.

ಅವರ ಹೆಸರು ಷೋಜಿ ಹಮಾದ. 1894ರಲ್ಲಿ ಜನಿಸಿ 1978ರಲ್ಲಿ ಗತಿಸಿದರು. ಕುಲದಿಂದ ಕುಂಬಾರರಲ್ಲ, ಟೋಕಿಯೋ ನಗರದಲ್ಲಿ ಈ ವಿದ್ಯೆಯನ್ನು ವಿಧಿವತ್ತಾಗಿ ವ್ಯಾಸಂಗಮಾಡಿದವರು. 1920ರಲ್ಲಿ ಬರ್ನಾರ್ಡ್ ಲೀಚ್ ಎಂಬ ಆಂಗ್ಲ ಮಿತ್ರರೊಡನೆ ಇಂಗ್ಲೆಂಡಿಗೆ ತೆರಳಿ, ಸೇಂಟ್ ಐವ್ಸ್ ಎಂಬ ಕಡಲೂರಿನಲ್ಲಿ ಆವಿಗೆಯನ್ನು ಕಟ್ಟಿದರು. ಸ್ವದೇಶಕ್ಕೆ ಮರಳಿದ ಬಳಿಕ ಅವರು ನೆಲೆಸಿದುದು ಮಾಶಿಕೊ ಎಂಬ ಗ್ರಾಮದಲ್ಲಿ. ಅಲ್ಲಿಯ ಕುಂಬಾರರು ಅಡಿಗೆಮನೆಯ ಪಾತ್ರೆಗಳನ್ನು ಮಾಡಿ ಜೀವಿಸುತ್ತಿದ್ದರು. ಅಲ್ಲಿಯ ಮಣ್ಣು ಮರಳು ಬೆರೆತು ಒರಟಾದುದು, ನಯವಾದ ತೆಳು ಪಾತ್ರೆಗಳಿಗೆ ಒದಗದು. ಹಮಾದರು ಬೇರೆ ಮಣ್ಣನ್ನು ಅರಸಿ ಹೋಗದೆ, ಆ ಮಣ್ಣು ಏನಾಗಬಲ್ಲದೋ ಅದನ್ನೇ ಮಾಡಿದರು.

ಮಣ್ಣು ಅವಸರವನ್ನು ಸಹಿಸದು. ಚೆನ್ನಾಗಿ ನಾದದಿದ್ದರೆ ಒಳಗೆ ಗಾಳಿ ಉಳಿಯುವುದು. ಒಂದೇ ಸಮನಾಗಿ ಆರದಿದ್ದರೆ ಬಿರಿಯುವುದು. ಹೀಗೆ ಮಣ್ಣೇ ಗುರುವಾಗಿ ಕೈಯನ್ನು ತಿದ್ದುವುದು. ಹಮಾದರು ಕಬ್ಬಿನ ಜಲ್ಲೆಯ ಒಂದು ಚಿತ್ರವನ್ನು ದಶಕಗಳ ಕಾಲ ಪಾತ್ರೆಗಳ ಮೇಲೆ ಬರೆಯುತ್ತಲೇ ಇದ್ದರು. ಕಡೆಗಾಲದಲ್ಲಿ ದೊಡ್ಡ ಹರಿವಾಣದ ಮೇಲೆ ಸೌಟಿನಿಂದ ಲೇಪವನ್ನು ಬೀಸಿ ಸುರಿದು, ಕೆಲವೇ ಕ್ಷಣಗಳಲ್ಲಿ ಅಲಂಕಾರವನ್ನು ಮುಗಿಸುತ್ತಿದ್ದರು. ಹದಿನೈದು ಸೆಕೆಂಡಿನ ಈ ಕೆಲಸಕ್ಕೆ ಇಷ್ಟು ಮಹತ್ತ್ವವೇಕೆಂಬ ಪ್ರಶ್ನೆ ಬಂದಾಗ, ಅದಕ್ಕೆ ಹಿಂದಿನ ಅರವತ್ತು ವರ್ಷಗಳನ್ನೂ ಕೂಡಿಸಿಕೊಳ್ಳಬೇಕೆಂದು ಉತ್ತರ ಕೊಟ್ಟರಂತೆ.

ಇದನ್ನು ಓದಿದಾಗ ನಮಗೆ ಮಮ್ಮಟನ ‘ಕಾವ್ಯಪ್ರಕಾಶ’ವು ನೆನಪಾಯಿತು. ಕಾವ್ಯೋತ್ಪತ್ತಿಗೆ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳಿದ ಆ ಆಚಾರ್ಯನು, ಅವುಗಳನ್ನು ‘ಹೇತುಗಳು’ ಎನ್ನದೆ ‘ಹೇತು’ ಎಂದು ಏಕವಚನದಲ್ಲಿ ನಿರ್ದೇಶಿಸಿದನು. ಮೂರೂ ಕೂಡಿಯೇ ಒಂದು ಕಾರಣ; ಬಿಡಿಬಿಡಿಯಾಗಿ ಅಲ್ಲ. ಈ ಏಕವಚನವನ್ನು ವಿದ್ಯಾರ್ಥಿಗಳಿಗೆ ಎಷ್ಟೋ ಸಲ ವಿವರಿಸಿದ ನಾವು, ಅದರಂತೆ ನಡೆಯಲಿಲ್ಲ.

ನಮ್ಮ ತರಗತಿಯಲ್ಲಿ ಒಬ್ಬ ಹುಡುಗನು ದಿನವೂ ಒಂದು ಪದ್ಯವನ್ನು ಬರೆದು ತರುತ್ತಿದ್ದನು. ದಿನವೂ ಛಂದಸ್ಸು ಕೆಟ್ಟಿರುತ್ತಿತ್ತು. ಒಂದು ದಿನ ನಾವು ಬೇಸತ್ತು, “ಇದು ನಿನಗೆ ಬಾರದಪ್ಪ, ಬಿಟ್ಟುಬಿಡು” ಎಂದು ಪುಸ್ತಕವನ್ನು ಹಿಂದಿರುಗಿಸಿದೆವು. ಅವನು ಎದುರಾಡಲಿಲ್ಲ, ಮರುದಿನದಿಂದ ಪದ್ಯವನ್ನು ತರಲಿಲ್ಲ. ಕೆಟ್ಟ ಛಂದಸ್ಸು ನಮ್ಮ ಕಣ್ಣಿಗೆ ಬಿದ್ದಿತು. ‘ದಿನವೂ’ ಎಂಬುದು ಬೀಳಲಿಲ್ಲ. ಹಸಿ ಮಣ್ಣನ್ನು ಆವಿಗೆಗೆ ಇಡುವ ಮೊದಲೇ ಒಡೆದ ಕುಂಬಾರನು ಯಾವನಾದರೂ ಉಂಟೆ?

ವಾಚಕರ ಮನೆಯಲ್ಲಿ ರಂಗೋಲಿಯ ಎಳೆಯನ್ನು ಡೊಂಕಾಗಿ ಎಳೆಯುವ ಹುಡುಗಿಯೋ, ಶ್ರುತಿ ಸೇರದೆ ಹಾಡುವ ಹುಡುಗನೋ ಇರಬಹುದು. ನಾಳೆಯೂ ಅವರು ಅದಕ್ಕೇ ಕುಳಿತುಕೊಳ್ಳುವರೇ ಎಂಬುದನ್ನು ನೋಡಿರಿ. ಕುಳಿತುಕೊಂಡರೆ, ನಾವು ಆಡಿದ ಆ ಮಾತನ್ನು ನೀವು ಆಡಬೇಡಿರಿ.