ಪುಟ್ಟ ನಾಯಿ, ದೊಡ್ಡ ಸೀನು

ನಾಯಿ ಪುಟ್ಟದಾದರೆ ಅದರಿಂದ ಬರುವ ಸೀನೂ ಪುಟ್ಟದೆಂದು ನಂಬಿರುವ ಹಿತೈಷಿಗಳು ನಮಗೆ ಬಹಳ ಮಂದಿ. ಅವರ ಗಣಿತ ಸರಿಯಾಗಿದ್ದಿದ್ದರೆ ಈ ಸಲ ನಾವು ಬೇರೆ ವಿಷಯ ಹುಡುಕಬೇಕಾಗುತ್ತಿತ್ತು.

ಸಂಗತಿ ಇಷ್ಟೇ. ಕಳೆದ ದೀಪಾವಳಿಯ ಹೊತ್ತಿಗೆ ನಮ್ಮ ಭಾವಮೈದುನನಿಗೆ ದೂರದ ಊರಿಗೆ ವರ್ಗವಾಯಿತು. ಮಂಚ, ಕಪಾಟುಗಳನ್ನು ಮಾರಿದ. ಎಂಟು ವರ್ಷದ ಪೊಮೆರೇನಿಯನ್ ನಾಯಿ ಗುಂಡುವನ್ನು ಮಾರಲು ಮನಸ್ಸಾಗದೆ ಚೆಂಬೂರಿನ ನಮ್ಮ ಎರಡು ಕೋಣೆಯ ಬಿಡಾರಕ್ಕೆ ತಂದು ಬಿಟ್ಟ. ವಾರದೊಳಗೆ ನಮ್ಮ ಮೂಗು ನಲ್ಲಿಯಾಯಿತು. ಕಚೇರಿಯ ಹಳೆಯ ಕಡತಗಳ ಧೂಳಿಗೂ ಜಗ್ಗದ ಮೂಗು ಅದು!

“ಯಾರಿಗಾದರೂ ಕೊಟ್ಟುಬಿಡಿ” ಎನ್ನುವುದು ಸುಲಭ. ನಮ್ಮ ಮಗಳಿಗೆ ಒಂಬತ್ತು ವರ್ಷ, ಒಡಹುಟ್ಟಿದವರಿಲ್ಲ. ಶಾಲೆಯಲ್ಲಿ ಇಂಗ್ಲಿಷು, ಕಟ್ಟಡದ ಅಂಗಳದಲ್ಲಿ ಹಿಂದಿ, ಮರಾಠಿ. ತಂದೆತಾಯಿಯರನ್ನು ಬಿಟ್ಟರೆ ಆಕೆ ಬಾಯಿತುಂಬ ಕನ್ನಡ ಮಾತಾಡುವುದು ಗುಂಡುವಿನೊಡನೆ ಮಾತ್ರ.

ಡಾಕ್ಟರರು ತೋಳಿನ ಮೇಲೆ ಹನಿಹನಿಯಾಗಿ ದ್ರಾವಣಗಳನ್ನಿಟ್ಟು ಸೂಜಿಮೊನೆಯಿಂದ ಚುಚ್ಚಿ ಕಾಲು ಗಂಟೆ ಕಾದರು. ನಾಯಿಯ ಹನಿ ಬಿದ್ದ ಕಡೆ ಉಬ್ಬಿತು. ಹಾಸಿಗೆಯ ಧೂಳಿನಲ್ಲಿ ವಾಸಿಸುವ, ಕಣ್ಣಿಗೆ ಕಾಣದ ನುಸಿಯ ಹನಿ ಬಿದ್ದ ಕಡೆ ಇನ್ನಷ್ಟು ಉಬ್ಬಿತು. ಮುಂಬಯಿಯ ತೇವದ ಹವೆ ಈ ನುಸಿಗೆ ತವರುಮನೆಯಂತೆ. ಪರೀಕ್ಷೆಗೆ ಮುಂಚೆಯೇ ನಾಯಿಯನ್ನು ಹೊರಹಾಕಿದ್ದರೆ ಮನೆಯಲ್ಲಿ ಮಗಳ ಅಳುವೂ ನಮ್ಮ ಸೀನೂ ಎರಡೂ ಉಳಿಯುತ್ತಿದ್ದವು.

ಅಲರ್ಜಿ ಎಂಬ ಶಬ್ದವನ್ನು 1906ರಲ್ಲಿ ಹುಟ್ಟಿಸಿದವನು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ನಾಯಿಯ ವಿಷಯದಲ್ಲಿ ಜನ ಕೂದಲನ್ನು ದೂರುತ್ತಾರೆ. ನಿಜವಾದ ಅಪರಾಧಿ ಅದರ ಜೊಲ್ಲು, ಮೂತ್ರ, ಚರ್ಮದ ಹೊಟ್ಟುಗಳಲ್ಲಿರುವ ಪ್ರೋಟೀನು. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಒಣಗುತ್ತದೆ, ಪುಡಿಯಾಗಿ ಗಾಳಿ ಸೇರುತ್ತದೆ. ಹೀಗಿರುವಾಗ ಗುಂಡುವಿಗೆ ಮುಂಡನ ಮಾಡಿಸಿ ಫಲವೇನು? ‘ಅಲರ್ಜಿಯಾಗದ ಜಾತಿ’ ಎಂದು ಹೆಚ್ಚಿನ ಬೆಲೆಗೆ ಮಾರುವ ನಾಯಿಗಳ ಕಥೆಯೂ ಇಷ್ಟೆ. 2011ರಲ್ಲಿ ಅಮೆರಿಕದ ಸಂಶೋಧಕರು ಅಂಥ ನಾಯಿಗಳಿದ್ದ ಮನೆಗಳ ಧೂಳನ್ನು ಅಳೆದರು; ಉಳಿದ ಮನೆಗಳ ಧೂಳಿಗಿಂತ ಅದು ಮೇಲೆಂದು ಕಾಣಲಿಲ್ಲ. ಮರುವರ್ಷ ಡಚ್ಚರು ಪರೀಕ್ಷಿಸಿದಾಗ ಅಂಥ ನಾಯಿಗಳ ಮೈಗೂದಲಿನಲ್ಲೇ ಆ ಪ್ರೋಟೀನು ಹೆಚ್ಚು ಸಿಕ್ಕಿತು!

ನಾಯಿಯನ್ನು ಮಲಗುವ ಕೋಣೆಗೆ ಬಿಡಬೇಡಿ ಎಂಬುದು ಎಲ್ಲರ ಮೊದಲ ಉಪದೇಶ. ನಮ್ಮಲ್ಲಿ ಮಲಗುವ ಕೋಣೆಯೇ ಓದುವ ಕೋಣೆ, ಮೂಲೆಯಲ್ಲಿ ದೇವರು. ಆದರೂ ಬಾಗಿಲಿಗೆ ಮೊಣಕಾಲೆತ್ತರದ ಹಲಗೆ ಅಡ್ಡ ಬಿತ್ತು. ಪುಟ್ಟ ನಾಯಿಯಿಂದ ಆಗುವ ಲಾಭ ಇದೊಂದೇ: ಅದು ಹಲಗೆ ಹಾರಲಾರದು. ಪೊರಕೆ ಧೂಳೆಬ್ಬಿಸುವುದರಿಂದ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತೇವೆ. ಹಾಸಿಗೆಗೆ ಒತ್ತು ನೇಯ್ಗೆಯ ಗವಸು, ಹೊದಿಕೆಗಳಿಗೆ ವಾರಕ್ಕೊಮ್ಮೆ ಬಿಸಿನೀರು. ಗುಂಡುವಿನ ಮೈ ಬಾಚುವುದು ಗಚ್ಚಿನ ಮೇಲೆ, ನಮ್ಮ ಮನೆಯವರ ಕೈಯಿಂದ. ಭಾನುವಾರ ಸ್ನಾನ, ಅದರ ಗುಣ ಕೆಲವೇ ದಿನ. ಔಷಧವನ್ನು ಡಾಕ್ಟರರು ಹೇಳಿದಂತೆ ಮೂಗಿಗೆ ಸಿಂಪಡಿಸಿಕೊಳ್ಳುತ್ತೇವೆ. ಸೀನು ನಿಂತಿಲ್ಲ, ಆದರೆ ಕಚೇರಿಗೆ ಎರಡು ಕರವಸ್ತ್ರ ಒಯ್ಯುತ್ತಿದ್ದ ನಮಗೆ ಈಗ ಒಂದೇ ಸಾಕು.

ಇನ್ನು ಭಯವಿರುವುದು ಮಳೆಗಾಲದ್ದು. ಜೂನ್ ಬಂದರೆ ಕಿಟಕಿ ಮುಚ್ಚಬೇಕು, ಗೋಡೆಗೆ ಬೂಷ್ಟು ಹತ್ತುತ್ತದೆ, ಗುಂಡು ದಿನವಿಡೀ ಒಳಗೆ. ಚೆಂಬೂರಿನ ಹೊರಗಾಳಿಯ ಮೇಲೂ ನಮಗೆ ಭಾರೀ ಭರವಸೆಯಿಲ್ಲ; 2016ರ ಜನವರಿಯಲ್ಲಿ ದೇವನಾರದ ಕಸದ ರಾಶಿಗೆ ಬೆಂಕಿ ಬಿದ್ದಾಗ ಹೊಗೆ ಕುಡಿದವರಿಗೆ ಅದು ಗೊತ್ತು.

ಡಾಕ್ಟರರು ಒಂದು ಗೆರೆ ಎಳೆದಿದ್ದಾರೆ. ಸೀನು, ಕಣ್ಣುರಿ ಇದ್ದರೆ ಹೊಂದಿಕೊಳ್ಳಬಹುದು. ಎದೆಯಲ್ಲಿ ಸಿಳ್ಳೆ ಕೇಳಿಸಿದರೆ, ರಾತ್ರಿ ಉಸಿರು ಕಟ್ಟಿದರೆ ಗುಂಡು ಬೇರೆ ಮನೆ ನೋಡಬೇಕು. ಅದು ಹೋದ ಮೇಲೂ ಅದರ ಪುಡಿ ತಿಂಗಳುಗಟ್ಟಲೆ ಮನೆಯಲ್ಲಿರುತ್ತದಂತೆ. ಇದನ್ನು ಮಗಳಿಂದ ಮುಚ್ಚಿಡಲಿಲ್ಲ. ಮಲಗುವ ಮುನ್ನ ಆಕೆ ಕೈತೊಳೆದು, ಅಂಗಿ ಬದಲಿಸಿ, ಹಲಗೆ ದಾಟಿ ಬಂದು ನಮ್ಮ ಎದೆಗೆ ಕಿವಿಯಿಟ್ಟು ಕೇಳುತ್ತಾಳೆ. “ಏನೂ ಇಲ್ಲ” ಎಂದು ಆ ಕಡೆಯ ಗುಂಡುವಿಗೆ ಕೂಗಿ ಹೇಳುತ್ತಾಳೆ, ಕನ್ನಡದಲ್ಲಿ.