ಹೊಲ ಅಡವಿಟ್ಟು ಅತಿಥಿಗೃಹ ಕಟ್ಟುವುದೇ?

ನೀಲಗಿರಿಯ ತಪ್ಪಲಿನ ಮಸಿನಗುಡಿಯಿಂದ ವಯನಾಡಿನವರೆಗೆ ನಮ್ಮವರ ಹಳ್ಳಿಗಳಲ್ಲಿ ಈಗ ಒಂದೇ ಮಾತು. ರಾಗಿ ಬೆಳೆದು ಯಾರು ಉದ್ಧಾರವಾದರು? ಎರಡು ಕೋಣೆ ಕಟ್ಟಿಸಿ, ಬೆಂಗಳೂರು ಕೊಯಮತ್ತೂರುಗಳಿಂದ ಬರುವ ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಟ್ಟರೆ ಕುಳಿತಲ್ಲೇ ಹಣ! ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಆನೆ ಹಂದಿಗಳ ಕಾಟಕ್ಕೆ ರಾತ್ರಿಯಿಡೀ ಅಟ್ಟಣೆಯ ಮೇಲೆ ಕುಳಿತು ಬೆಳೆ ಕಾದವನಿಗೆ, ಅದೇ ಆನೆಯನ್ನು ನೋಡಲು ಹಣ ತೆತ್ತು ಬರುವವನು ದೇವರಂತೆ ಕಂಡರೆ ಆಶ್ಚರ್ಯವೇನು?

ಆದರೂ ಹೊಲವನ್ನು ಅಡವಿಟ್ಟು ಅತಿಥಿಗೃಹ ಕಟ್ಟುವ ಯೋಚನೆಯನ್ನು ನಾವು ಒಪ್ಪುವುದಿಲ್ಲ. ಏಕೆಂಬುದನ್ನು ಮೊದಲು ಲೆಕ್ಕದಿಂದಲೇ ನೋಡೋಣ.

ಎರಡು ಕೋಣೆಗಳಿಗೆ 12 ಲಕ್ಷ ರೂಪಾಯಿ ಸಾಲ, ನೂರಕ್ಕೆ ಹತ್ತರ ಬಡ್ಡಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಬಡ್ಡಿಯೇ 1,20,000 ರೂ. ಕೋಣೆಯೊಂದಕ್ಕೆ ರಾತ್ರಿಗೆ 2,000 ರೂ. ಬಾಡಿಗೆ ಇರಲಿ. ಕಟ್ಟಡದ ಗುತ್ತಿಗೆದಾರನು ಇದನ್ನು 365ರಿಂದ ಗುಣಿಸಿ 14,60,000 ಎಂದು ಬಾಯಲ್ಲಿ ನೀರೂರಿಸುತ್ತಾನೆ. ಬೆಟ್ಟದ ಊರುಗಳಿಗೆ ಜನ ಬರುವುದು ಬೇಸಗೆ ರಜೆಯಲ್ಲಿ, ಕೆಲವು ಹಬ್ಬಗಳಲ್ಲಿ, ವಾರದ ಕೊನೆಯಲ್ಲಿ. ಮಳೆಗಾಲದಲ್ಲಿ ಜಿಗಣೆಯ ಹೊರತು ಬೇರೆ ಅತಿಥಿಗಳು ವಿರಳ. ವರ್ಷಕ್ಕೆ 90 ರಾತ್ರಿ ಎರಡೂ ಕೋಣೆ ತುಂಬಿದವೆಂದರೆ ಬಾಡಿಗೆ 3,60,000. ಗಿರಾಕಿಯನ್ನು ಮೊಬೈಲ್ ಮೂಲಕ ಕಳುಹಿಸುವ ಕಂಪನಿಗೆ ನೂರಕ್ಕೆ 15ರಂತೆ ದಲ್ಲಾಳಿ ಕಳೆದರೆ 3,06,000. ಉಪಾಹಾರ, ಕರೆಂಟು, ಬಟ್ಟೆ ಒಗೆತ, ಆಳಿನ ಕೂಲಿ ಎಂದು ಕೋಣೆಗೆ ರಾತ್ರಿಗೆ 600 ಹಿಡಿದರೆ 1,08,000 ಹೋಯಿತು. ಬಡ್ಡಿ ಕಟ್ಟಿದ ಮೇಲೆ ಕೈಯಲ್ಲಿ ನಿಲ್ಲುವುದು 78,000. ಹತ್ತು ವರ್ಷದಲ್ಲಿ ಸಾಲ ತೀರಬೇಕಾದರೆ ವರ್ಷಕ್ಕೆ 1,20,000 ಅಸಲು ಬೇಕು. ಅದನ್ನು ಎಲ್ಲಿಂದ ತರುವುದು? ಇನ್ನು ಐವತ್ತೇ ರಾತ್ರಿ ತುಂಬಿದರೆ ಬಡ್ಡಿಗೂ ಹತ್ತು ಸಾವಿರ ಕಡಿಮೆ ಬೀಳುತ್ತದೆ. ಮನೆಯಾಕೆ ಬೆಳಗಿನ ಜಾವ ಎದ್ದು ಹತ್ತು ಜನಕ್ಕೆ ಇಡ್ಲಿ ಬೇಯಿಸಿದ ಕೂಲಿಯನ್ನು ಈ ಲೆಕ್ಕದಲ್ಲಿ ನಾವು ಹಿಡಿದೇ ಇಲ್ಲ. ಹಿಡಿಯುವವರೂ ಯಾರೂ ಇಲ್ಲ, ಅದು ಬೇರೆ ಮಾತು.

ನೀರಿನ ವಿಚಾರವೂ ಉಂಟು. ಪ್ರವಾಸಿಗರು ಬರುವ ಏಪ್ರಿಲ್ ಮೇ ತಿಂಗಳುಗಳಲ್ಲೇ ನಮ್ಮ ಬಾವಿಗಳು ತಳ ಕಾಣುವುದು. ಪಟ್ಟಣದವನು ದಿನಕ್ಕೆರಡು ಬಾರಿ ಸ್ನಾನ ಮಾಡುವ ನೀರು ತರಕಾರಿ ಮಡಿಯಿಂದಲೇ ಹೋಗಬೇಕು.

ಈ ದಂಧೆಯ ಲಗಾಮು ನಮ್ಮ ಕೈಯಲ್ಲಿಲ್ಲವೆಂಬುದು ಎಲ್ಲಕ್ಕಿಂತ ದೊಡ್ಡ ಸಂಗತಿ. ಮಸಿನಗುಡಿ, ಬೊಕ್ಕಾಪುರಗಳ ಕಥೆಯನ್ನೇ ನೋಡಿ. ಪೂರ್ವ ಪಶ್ಚಿಮ ಘಟ್ಟಗಳ ನಡುವೆ ಆನೆಗಳು ಓಡಾಡುವ ದಾರಿಯೆಂದು ಸೀಗೂರು ಪ್ರಸ್ಥಭೂಮಿಯನ್ನು ತಮಿಳುನಾಡು ಸರಕಾರ 2010ರಲ್ಲಿ ಘೋಷಿಸಿತು. ಮದರಾಸು ಉಚ್ಚ ನ್ಯಾಯಾಲಯ 2011ರಲ್ಲಿ ಅದನ್ನು ಎತ್ತಿಹಿಡಿಯಿತು. 2018ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು 27 ರಿಸಾರ್ಟುಗಳಿಗೆ 48 ಗಂಟೆಗಳೊಳಗೆ ಬೀಗಮುದ್ರೆ ಹಾಕಬೇಕೆಂದು ಆಜ್ಞೆ ಮಾಡಿತು. 2020ರ ಅಕ್ಟೋಬರಿನಲ್ಲಿ ಕೊನೆಯ ತೀರ್ಪೂ ಆನೆಗಳ ಪರವಾಗಿಯೇ ಬಂತು. ತೀರ್ಪು ತಪ್ಪೆಂದು ನಾವು ಹೇಳುವುದಿಲ್ಲ. 2021ರ ಜನವರಿಯಲ್ಲಿ ಅದೇ ಮಸಿನಗುಡಿಯಲ್ಲಿ ಆನೆಯ ಮೇಲೆ ಉರಿಯುವ ಟಯರು ಎಸೆದದ್ದನ್ನು, ಆ ಆನೆ ಸತ್ತದ್ದನ್ನು ನೆನೆದರೆ ಈಗಲೂ ತಲೆ ತಗ್ಗಿಸಬೇಕಾಗುತ್ತದೆ. ಆದರೆ ಬೀಗ ಬಿದ್ದ ಮೇಲೆ ದೊಡ್ಡ ಬಂಡವಾಳಗಾರನು ಬೇರೆ ಬೆಟ್ಟ ಹುಡುಕಿಕೊಂಡು ಹೋದಾನು, ಹೊಲ ಅಡವಿಟ್ಟವನು ಎಲ್ಲಿಗೆ ಹೋದಾನು?

ಉದಕಮಂಡಲಕ್ಕೆ ಹೋಗುವ ವಾಹನಗಳಿಗೆ 2024ರ ಮೇ 7ರಿಂದ ನ್ಯಾಯಾಲಯದ ಆಜ್ಞೆಯಂತೆ ಇ-ಪಾಸು ಬಂತು. 2025ರ ಏಪ್ರಿಲಿನಿಂದ ಜೂನಿನವರೆಗೆ, ಅಂದರೆ ಸಂಪಾದನೆಯ ಕಾಲದಲ್ಲೇ, ದಿನಕ್ಕೆ 6,000, ವಾರದ ಕೊನೆಗೆ 8,000 ವಾಹನಗಳೆಂಬ ಮಿತಿಯೂ ಬಂತು. ವಯನಾಡಿನಲ್ಲಿ 2024ರ ಜುಲೈ 30ರ ಬೆಳಗಿನ ಜಾವ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿಯಿತು. ಹೋದ ಜೀವಗಳ ಮುಂದೆ ವ್ಯಾಪಾರದ ಮಾತು ಸಲ್ಲದು. ಆದರೂ ಗುಡ್ಡದಿಂದ ಎಷ್ಟೋ ದೂರವಿದ್ದ ಊರುಗಳಲ್ಲಿಯೂ ಅನಂತರ ಪ್ರವಾಸಿಗರಿಲ್ಲದೆ ಕೋಣೆಗಳು ಖಾಲಿ ಬಿದ್ದವು. 2020ರ ಕೊರೊನಾ ಕಾಲವನ್ನಂತೂ ಯಾರೂ ಮರೆತಿರಲಾರರು. ಆಗ ಅತಿಥಿಗೃಹದವನ ಮನೆಯಲ್ಲೂ ಅನ್ನ ಬೆಂದದ್ದು ಹೊಲ ಉಳಿದಿದ್ದರೆ ಮಾತ್ರ.

ಹಾಗಾದರೆ ಪ್ರವಾಸಿಗನನ್ನು ಬಾಗಿಲಿಂದಲೇ ಹಿಂದಕ್ಕೆ ಕಳುಹಿಸಬೇಕೇ? ಬೇಡ. ಮಕ್ಕಳು ಪಟ್ಟಣ ಸೇರಿ ಖಾಲಿ ಬಿದ್ದಿರುವ ಕೋಣೆ ಯಾರ ಮನೆಯಲ್ಲಿಲ್ಲ? ಅದಕ್ಕೆ ಸುಣ್ಣ ಹೊಡೆಸಿ, ಒಳ್ಳೆಯ ಕಕ್ಕಸು ಮಾಡಿಸಿ, ಕೈಯಲ್ಲಿದ್ದ ಹಣದಲ್ಲೇ ಮುಗಿಸಿದರೆ ಗಿರಾಕಿ ಬಂದರೆ ಲಾಭ, ಬಾರದಿದ್ದರೆ ನಷ್ಟವಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯೂ ಹೀಗೆಯೇ ಇದೆ. ಮಾಲೀಕನ ಸಂಸಾರ ಅದೇ ಮನೆಯಲ್ಲಿ ವಾಸವಾಗಿರಬೇಕು, ಬಾಡಿಗೆಯ ಕೋಣೆಗಳು ಒಂದರಿಂದ ಆರು. ಬಂದವನಿಗೆ ನಮ್ಮ ಮೆಣಸು, ಕಾಫಿಪುಡಿ, ರಾಗಿ ಹಿಟ್ಟುಗಳನ್ನು ಮಾರಿದರೆ ಹೊಲಕ್ಕೂ ಅದರಿಂದ ಒಂದು ಆದಾಯ.

ಹೊರಗಿನವನು ಬಂದು “ಜಾಗ ನಿನ್ನದು, ಬಂಡವಾಳ ನನ್ನದು, ಲಾಭ ಅರ್ಧರ್ಧ” ಎನ್ನುವುದೂ ಈಚೆಗೆ ಹೆಚ್ಚಾಗಿದೆ. ಕರಾರುಪತ್ರ ತಮಿಳಿನಲ್ಲೋ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹಿರಿಯರು ತೋರಿಸಿದ ಕಡೆ ರುಜು ಹಾಕಿಬಿಡುತ್ತಾರೆ. ಗುತ್ತಿಗೆ ಎಷ್ಟು ವರ್ಷಕ್ಕೆ, ಮುರಿದರೆ ಕಟ್ಟಡ ಯಾರದು, ಸಾಲಕ್ಕೆ ಜಾಮೀನು ಯಾರ ಪಟ್ಟಾ, ಈ ಮೂರನ್ನಾದರೂ ಓದಿಸಿ ತಿಳಿಯತಕ್ಕದ್ದು. ಓದಿ ಹೇಳುವವನು ಆ ಬಂಡವಾಳಗಾರ ಕರೆತಂದವನಾಗಿರಬಾರದು. ಪಕ್ಕದೂರಿನ ಶಾಲೆಯ ಮೇಷ್ಟರಾದರೂ ಆದೀತು, ಹಳೆಯ ಪರಿಚಯದ ವಕೀಲರಾದರೆ ಇನ್ನೂ ಒಳ್ಳೆಯದು. ಜಾಗವು ಆನೆದಾರಿಯೊಳಗೆ ಸೇರಿದೆಯೋ ಇಲ್ಲವೋ ಎಂಬುದನ್ನು ಸರ್ವೆ ನಂಬರು ಕೊಟ್ಟು ಕಚೇರಿಯಲ್ಲಿ ಬರೆಹದ ಮೂಲಕವೇ ಕೇಳಿ. ಆ ಉತ್ತರ ಕೈಸೇರುವವರೆಗೆ ಒಂದು ಇಟ್ಟಿಗೆಯನ್ನೂ ತರಿಸಬೇಡಿ.